ಮುಖಕ್ಕ ಏನ್ ಹಚ್ತೀರಿ ಮೇಡಂ?



ಇವತ್ತು ರಾಜಕಾರಣ ಇಲ್ಲ. ರೆಸಾರ್ಟ್ ಇಲ್ಲ, ರಾಜೀನಾಮೆ ಇಲ್ಲ, ಯಾರ ಕುರ್ಚಿಯೂ ಅಲುಗಾಡ್ತಾ ಇಲ್ಲ. ಇವತ್ತು ನಾನು ಮಾತಾಡೋದು ಮುಖದ ಬಗ್ಗೆ. ನನ್ನ ಮುಖ, ನಿಮ್ಮ ಮುಖ, ನಿಮ್ಮ ಮನೆಯಲ್ಲಿ ಈಗ ಮೊಬೈಲ್ ಹಿಡ್ಕೊಂಡು ಕನ್ನಡಿ ಮುಂದೆ ನಿಂತಿರೋ ಮಗಳ ಮುಖ. "ಇದೇನು, ರಾತ್ರಿ ಒಂಬತ್ತು ಗಂಟೆಗೆ ಬ್ಯೂಟಿ ಟಿಪ್ಸಾ?" ಅಂತ ಚಾನೆಲ್ ಬದಲಾಯಿಸಬೇಡಿ. ಸ್ವಲ್ಪ ಕೂತ್ಕೊಳ್ಳಿ. ಇದರಲ್ಲಿ ದುಡ್ಡಿನ ವಿಷಯ ಇದೆ, ಕಾನೂನಿನ ವಿಷಯ ಇದೆ, ಕಿಡ್ನಿಯ ವಿಷಯವೂ ಇದೆ. ನಾನು ಮಾಡಿದ ಒಂದು ತಪ್ಪೂ ಇದೆ.

ಹಾವೇರಿ ಜಿಲ್ಲೆಯ ಒಬ್ಬ ಹುಡುಗಿ ನನಗೆ ಮೂರು ವರ್ಷದಲ್ಲಿ ಮೂರು ಮೆಸೇಜ್ ಕಳಿಸಿದ್ದಾಳೆ. ಡಿಗ್ರಿ ಓದ್ತಿದ್ದಾಳೆ, ಹಾಸ್ಟೆಲ್‌ನಲ್ಲಿ ಇದ್ದಾಳೆ. ಹೆಸರು ಹೇಳಲ್ಲ. ಮೂರು ಮೆಸೇಜ್‌ಗೂ ನಾನು ಸರಿಯಾಗಿ ಉತ್ತರ ಕೊಟ್ಟಿಲ್ಲ. ಇವತ್ತಿನ ಮಾತು ಆ ಮೂರು ಪ್ರಶ್ನೆಗೆ ಉತ್ತರ.

ಮೊದಲನೇ ಮೆಸೇಜ್: "ಮುಖಕ್ಕ ಏನ್ ಹಚ್ತೀರಿ ಮೇಡಂ? ನಿಮ್ಮ ಸ್ಕಿನ್ ಭಾಳ ಚಲೋ ಕಾಣ್ತದ್ರೀ."

ಸತ್ಯ ಹೇಳ್ತೀನಿ ಕೇಳಿ. ನೀವು ಈಗ ನೋಡ್ತಾ ಇರೋ ಮುಖ ನನ್ನದು ಮಾತ್ರ ಅಲ್ಲ. ಇದರಲ್ಲಿ ಮೇಕಪ್ ಅಣ್ಣನ ಮುಕ್ಕಾಲು ಗಂಟೆ ಕೆಲಸ ಇದೆ. ನನ್ನ ಮುಂದೆ ಎರಡು ದೊಡ್ಡ ಲೈಟ್ ಇವೆ, ತಲೆ ಹಿಂದೆ ಒಂದಿದೆ. ಕಣ್ಣಿನ ಕೆಳಗಿನ ಕಪ್ಪು ಮುಚ್ಚೋಕೆ ಟೇಬಲ್ ಮೇಲಿಂದ ಇನ್ನೊಂದು ಸಣ್ಣ ಲೈಟ್ ಬೀಳ್ತಾ ಇದೆ. ಸ್ಟುಡಿಯೋ ಕ್ಯಾಮೆರಾದಲ್ಲಿ ಚರ್ಮದ ಬಣ್ಣ ಇರೋ ಜಾಗವನ್ನು ಮಾತ್ರ ಗುರುತಿಸಿ, ಅಲ್ಲಿನ ಗೆರೆ, ಕಲೆ, ರಂಧ್ರಗಳನ್ನು ಮೆತ್ತಗೆ ಅಳಿಸೋ ಒಂದು ಸೌಲಭ್ಯ ಇರುತ್ತೆ. ಕಣ್ಣು, ಹುಬ್ಬು, ಸೀರೆ ಎಲ್ಲ ಚೂಪಾಗೇ ಕಾಣುತ್ತೆ, ಚರ್ಮ ಮಾತ್ರ ನುಣುಪು. ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್. ಅವತ್ತು ಸಿಗ್ನಲ್ ಪ್ರೊಸೆಸಿಂಗ್ ಕ್ಲಾಸಿನಲ್ಲಿ ನಿದ್ದೆ ಮಾಡಿದ್ದೆ. ಇವತ್ತು ಅದೇ ಸಿಗ್ನಲ್ ಪ್ರೊಸೆಸಿಂಗ್ ನನ್ನ ಮಾನ ಕಾಪಾಡ್ತಾ ಇದೆ.

ಹಾಗಾಗಿ ಹಾವೇರಿಯ ಹುಡುಗಿಗೆ ಮೊದಲ ಉತ್ತರ ಇದು. ನೀನು ನಿನ್ನ ಮುಖವನ್ನು ಹಾಸ್ಟೆಲ್ ಬಾತ್‌ರೂಮಿನ ಟ್ಯೂಬ್‌ಲೈಟ್‌ನಲ್ಲಿ ನೋಡ್ಕೋತೀಯ. ನನ್ನ ಮುಖವನ್ನು ಲಕ್ಷಾಂತರ ರೂಪಾಯಿಯ ಉಪಕರಣದ ಮೂಲಕ ನೋಡ್ತೀಯ. ಇದು ಹೋಲಿಕೆನೇ ಅಲ್ಲಮ್ಮ. ಮೊಬೈಲ್‌ನಲ್ಲಿ ರೀಲ್ಸ್ ಮಾಡೋರದ್ದೂ ಇದೇ ಕಥೆ. ಅಲ್ಲಿ ಫಿಲ್ಟರ್ ಒಂದು ಬೆರಳ ತುದಿಯಲ್ಲಿದೆ.

ಬಣ್ಣದ ವಿಷಯಕ್ಕೂ ಬರ್ತೀನಿ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ನನಗೆ ಹಚ್ಚುತ್ತಿದ್ದ ಫೌಂಡೇಶನ್ ನನ್ನ ಬಣ್ಣಕ್ಕಿಂತ ಎರಡು ಶೇಡ್ ಬೆಳ್ಳಗಿನದು. ಮುಖ ಒಂದು ಬಣ್ಣ, ಕೈ ಒಂದು ಬಣ್ಣ. ಕೈಯನ್ನು ಟೇಬಲ್ ಕೆಳಗೆ ಇಟ್ಕೊಂಡು ನ್ಯೂಸ್ ಓದ್ತಿದ್ದೆ. ಯಾರೂ ನನಗೆ "ನೀನು ಕಪ್ಪು" ಅಂತ ಬೈದಿರಲಿಲ್ಲ. "ಕಪ್ಪಗಿದ್ರೂ ಲಕ್ಷಣವಾಗಿದೀಯ" ಅಂದಿದ್ರು. ಆ "ಇದ್ರೂ" ಇದೆಯಲ್ಲ, ಅದರಲ್ಲೇ ಎಲ್ಲ ಇದೆ. "ಬೆಳ್ಳಗಿದ್ರೂ ಲಕ್ಷಣವಾಗಿದಾಳೆ" ಅಂತ ಯಾರಾದರೂ ಅಂದಿದ್ದನ್ನ ನೀವು ಕೇಳಿದ್ದೀರಾ? ಕನ್ನಡದ ಒಂದು ಸಣ್ಣ ಪ್ರತ್ಯಯದ ಮೇಲೆ ಕೋಟಿಗಟ್ಟಲೆ ರೂಪಾಯಿಯ ವ್ಯಾಪಾರ ನಿಂತಿದೆ.

ಫೇರ್ ಅಂಡ್ ಲವ್ಲಿ ಈ ದೇಶದ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. 2020ರಲ್ಲಿ ಜಗತ್ತಿನಾದ್ಯಂತ ವರ್ಣಭೇದದ ವಿರುದ್ಧ ಜನ ಬೀದಿಗೆ ಇಳಿದಾಗ ಕಂಪನಿ ಹೆಸರಿನಿಂದ "ಫೇರ್" ತೆಗೆದು "ಗ್ಲೋ" ಅಂತ ಮಾಡಿತು. ಅಂದರೆ 45 ವರ್ಷ "ಫೇರ್" ಅಂತಲೇ ಮಾರಾಟ ಆಯ್ತು. ಡಬ್ಬಿಯ ಮೇಲಿನ ಹೆಸರು ಬದಲಾಯಿತು, ಸರಿ. ವಧು ಬೇಕಾಗಿದೆ ಜಾಹೀರಾತಿನಲ್ಲಿ "ಗೋಧಿ ಬಣ್ಣ" ಹೋಯ್ತಾ? ಬಾಣಂತಿ ಕೋಣೆಗೆ ಬಂದು ಮಗುವಿನ ಕಿವಿ ಹಿಂದಿನ ಬಣ್ಣ ನೋಡಿ "ದೊಡ್ಡವಳಾದ ಮೇಲೆ ಇದೇ ಬಣ್ಣ ಬರೋದು" ಅನ್ನೋರು ಹೋದ್ರಾ? ಇಲ್ಲ. ಈಗ "ಬೆಳ್ಳಗಾಗಿ" ಅನ್ನಲ್ಲ. "ಗ್ಲಾಸ್ ಸ್ಕಿನ್" ಅಂತಾರೆ, "ಬ್ರೈಟನಿಂಗ್" ಅಂತಾರೆ, "ಟ್ಯಾನ್ ರಿಮೂವಲ್" ಅಂತಾರೆ. ಹಳೇ ಮದ್ಯ, ಹೊಸ ಬಾಟಲಿ.

ಈಗ ನನ್ನ ತಪ್ಪಿಗೆ ಬರ್ತೀನಿ.

ಆ ಮೊದಲ ಮೆಸೇಜ್ ಬಂದ ಸುಮಾರಿಗೇ ಒಂದು ಕಂಪನಿಯವರು ನನ್ನನ್ನು ಸಂಪರ್ಕಿಸಿದ್ರು. ಒಂದು ಸೀರಮ್. ಸತ್ತ ಚರ್ಮದ ಪದರ ತೆಗೆಯೋ ಆಮ್ಲ ಇರುವಂಥದ್ದು. "ಒಂದು ನಿಮಿಷದ ವಿಡಿಯೋ ಮಾಡಿ ಮೇಡಂ, ನಿಮ್ಮ ಪರ್ಸನಲ್ ಪೇಜ್‌ನಲ್ಲಿ ಹಾಕಿ ಸಾಕು." ಸ್ಕ್ರಿಪ್ಟ್ ಅವರದ್ದೇ. ಕೊಟ್ಟ ದುಡ್ಡು ನನ್ನ ಅರ್ಧ ತಿಂಗಳ ಸಂಬಳಕ್ಕಿಂತ ಜಾಸ್ತಿ. ಮನೆ ಸಾಲದ ಕಂತು ಇತ್ತು, ಆಸೆಯೂ ಇತ್ತು. ಆ ಸೀರಮ್ಮನ್ನು ನಾನು ಬಳಸಿದ್ದು ಎರಡೇ ದಿನ. ವಿಡಿಯೋದಲ್ಲಿ ಹೇಳಿದ್ದು "ನನ್ನ ರಾತ್ರಿಯ ದಿನಚರಿಯ ಭಾಗ ಇದು" ಅಂತ. ಕೆಳಗೆ ಮೂಲೆಯಲ್ಲಿ, ಇಪ್ಪತ್ತು ಹ್ಯಾಷ್‌ಟ್ಯಾಗ್‌ಗಳ ನಡುವೆ, ಇದು ಜಾಹೀರಾತು ಅಂತ ಮೂರಕ್ಷರದ ಇಂಗ್ಲಿಷ್ ಸೂಚನೆ ಒಂದಿತ್ತು. ಯಾರಿಗೂ ಕಾಣಬಾರದು ಅಂತಲೇ ಅಲ್ಲಿ ಹಾಕಿದ್ದು.

ಎರಡನೇ ಮೆಸೇಜ್ ಬಂತು. ಜೊತೆಗೊಂದು ಫೋಟೋ. ಎರಡೂ ಕೆನ್ನೆ ಕೆಂಪಾಗಿ ಸುಲಿದು ಹೋಗಿತ್ತು. ಮೇ ತಿಂಗಳ ಬಿಸಿಲು. ಆಕೆ ಆ ಸೀರಮ್ಮನ್ನು ದಿನಾ ಹಚ್ಚಿದ್ದಾಳೆ, ಬೇಗ ಫಲ ಬರಲಿ ಅಂತ ಬೆಳಿಗ್ಗೆ ನಿಂಬೆರಸವನ್ನೂ ಹಚ್ಚಿದ್ದಾಳೆ, ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಬಿಸಿಲಿಗೆ ನಿಂತಿದ್ದಾಳೆ. ಇಂಥ ಆಮ್ಲ ಹಚ್ಚಿದ ಚರ್ಮ ಬಿಸಿಲಿಗೆ ಬೇಗ ಸುಡುತ್ತೆ, ಸನ್‌ಸ್ಕ್ರೀನ್ ಇಲ್ಲದೆ ಹೊರಗೆ ಹೋಗಬಾರದು ಅನ್ನೋದನ್ನ ನಾನು ವಿಡಿಯೋದಲ್ಲಿ ಹೇಳಿರಲಿಲ್ಲ. ಯಾಕಂದ್ರೆ ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ.

ಮೆಸೇಜ್‌ನಲ್ಲಿ ಒಂದು ಬೈಗುಳ ಇರಲಿಲ್ಲ ವೀಕ್ಷಕರೇ. ಇದ್ದದ್ದು ಇಷ್ಟೇ: "ಮೇಡಂ, ನಾ ಹಚ್ಚೂದರಾಗ ಏನರ ತಪ್ಪು ಮಾಡೇನೇನ್ರೀ?"

ಬೈದಿದ್ರೆ ನಾನು ಏನಾದರೂ ಸಮಜಾಯಿಷಿ ಕೊಡ್ತಿದ್ದೆ. ಆಕೆ ತಪ್ಪನ್ನು ತನ್ನ ತಲೆ ಮೇಲೆ ಹಾಕ್ಕೊಂಡಿದ್ಲು. "ಚರ್ಮದ ಡಾಕ್ಟರ್‌ಗೆ ತೋರಿಸಮ್ಮ" ಅಂತ ಒಂದು ಸಾಲು ಬರೆದೆ. ಆ ರಾತ್ರಿ ವಿಡಿಯೋ ಡಿಲೀಟ್ ಮಾಡಿದೆ. ಯಾಕೆ ಡಿಲೀಟ್ ಮಾಡಿದೆ ಅಂತ ಯಾರಿಗೂ ಹೇಳಲಿಲ್ಲ. ಅದು ಎರಡನೇ ತಪ್ಪು. ಆ ವಿಡಿಯೋ ನೋಡಿ ಕೊಂಡವರು ಇನ್ನೆಷ್ಟು ಜನವೋ, ಅವರಿಗೆ ಎಚ್ಚರಿಕೆಯೇ ಹೋಗಲಿಲ್ಲ. ಇವತ್ತು ಹೇಳ್ತಾ ಇದ್ದೀನಿ.

ಈಗ ಆ ಕೆನ್ನೆ ಮೇಲೆ ಏನು ನಡೆಯಿತು ಅಂತ ಸ್ವಲ್ಪ ಲೆಕ್ಕ ನೋಡೋಣ. ಚರ್ಮದ ಮೇಲ್ಪದರ ತುಸು ಆಮ್ಲೀಯ. ಅದರ ಪಿಎಚ್ ಸುಮಾರು 5. ನಿಂಬೆರಸದ ಪಿಎಚ್ ಸುಮಾರು 2. "ಮೂರೇ ಅಂಕಿ ವ್ಯತ್ಯಾಸ ತಾನೇ?" ಅನ್ನಬೇಡಿ. ಪಿಎಚ್ ಮಾಪನದಲ್ಲಿ ಒಂದು ಅಂಕಿ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತೆ. ಮೂರು ಅಂಕಿ ಅಂದ್ರೆ ಸಾವಿರ ಪಟ್ಟು. ಸಾಲದ್ದಕ್ಕೆ ನಿಂಬೆ ಜಾತಿಯ ಹಣ್ಣಿನ ರಸದಲ್ಲಿ ಬಿಸಿಲು ಬಿದ್ದಾಗ ಚರ್ಮವನ್ನು ಸುಡುವಂಥ ಅಂಶಗಳಿವೆ. ರಸ ತಾಗಿದ ಕೈಗೆ ಬಿಸಿಲು ತಾಗಿ ಬೊಬ್ಬೆ ಎದ್ದ ಉದಾಹರಣೆಗಳು ವೈದ್ಯಕೀಯದಲ್ಲಿ ಬೇಕಾದಷ್ಟಿವೆ. "ನೈಸರ್ಗಿಕ" ಅಂದ ಮಾತ್ರಕ್ಕೆ ಸುರಕ್ಷಿತ ಅಲ್ಲ. ತುರಚೆ ಸೊಪ್ಪೂ ನೈಸರ್ಗಿಕವೇ, ಮುಖಕ್ಕೆ ಉಜ್ಜಿಕೊಳ್ತೀರಾ?

ಹಾಗಾದ್ರೆ ಏನು ಹಚ್ಚಬೇಕು? ನಾನು ಡಾಕ್ಟರ್ ಅಲ್ಲ. ಎಲ್ಲ ಚರ್ಮರೋಗ ತಜ್ಞರೂ ಒಪ್ಪುವ, ಎಲ್ಲ ಮನೆಗೂ ನಿಲುಕುವ ಮೂರು ವಿಷಯ ಮಾತ್ರ ಹೇಳ್ತೀನಿ. ಒಂದು, ಮೃದುವಾದ ಫೇಸ್‌ವಾಶ್, ದಿನಕ್ಕೆ ಎರಡು ಸಲ. ಎರಡು, ಒಂದು ಸಾದಾ ಮಾಯಿಶ್ಚರೈಸರ್. ಮೂರು, ಹಗಲು ಹೊತ್ತು ಸನ್‌ಸ್ಕ್ರೀನ್. ಅಷ್ಟೇ. ಹತ್ತು ಬಾಟಲಿ ಬೇಡ.

ಸನ್‌ಸ್ಕ್ರೀನ್ ಬಗ್ಗೆ ಮಾತ್ರ ಇನ್ನೊಂಚೂರು ಹೇಳ್ತೀನಿ, ಯಾಕಂದ್ರೆ ಜನ ಮೋಸ ಹೋಗೋದು ಅಲ್ಲಿನ ಅಂಕಿಯಲ್ಲಿ. ಎಸ್‌ಪಿಎಫ್ 30 ಅಂದ್ರೆ ಬಿಸಿಲಿನಲ್ಲಿ ಚರ್ಮ ಸುಡುವ ಯುವಿ-ಬಿ ಕಿರಣಗಳಲ್ಲಿ ಸುಮಾರು ಶೇ. 97ರಷ್ಟನ್ನು ತಡೆಯುತ್ತೆ. ಎಸ್‌ಪಿಎಫ್ 50 ಸುಮಾರು ಶೇ. 98. ಬೆಲೆಯಲ್ಲಿ ಎಷ್ಟು ವ್ಯತ್ಯಾಸ, ಕೆಲಸದಲ್ಲಿ ಎಷ್ಟು ವ್ಯತ್ಯಾಸ ನೋಡ್ಕೊಳ್ಳಿ. ಇನ್ನು ಯುವಿ-ಎ ಅಂತ ಇನ್ನೊಂದು ಕಿರಣ ಇದೆ. ಅದು ಕಿಟಕಿ ಗಾಜನ್ನೂ ದಾಟಿ ಬರುತ್ತೆ. ಬಸ್ಸಿನ ಕಿಟಕಿ ಪಕ್ಕ ಕೂತವರಿಗೂ ತಪ್ಪಿದ್ದಲ್ಲ. ಅದಕ್ಕೆ ಡಬ್ಬಿಯ ಮೇಲೆ "ಪಿಎ" ಅಂತ ಬರೆದು ಪಕ್ಕದಲ್ಲಿ ಪ್ಲಸ್ ಗುರುತುಗಳು ಇರ್ತವೆ. ಪ್ಲಸ್ ಹೆಚ್ಚಿದ್ದಷ್ಟೂ ಒಳ್ಳೆಯದು. ಮುಖ್ಯ ಅಂದ್ರೆ ಪ್ರಮಾಣ. ಮುಖಕ್ಕೆ, ಕತ್ತಿಗೆ ಸೇರಿ ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಬೇಕು. ನಾವು ಹಚ್ಚೋದು ಕುಂಕುಮದಷ್ಟು! ಹಾಗೆ ಹಚ್ಚಿದ್ರೆ ಡಬ್ಬಿ ಮೇಲಿನ ಅಂಕಿಗೆ ಅರ್ಥ ಇಲ್ಲ. ಬಿಸಿಲಲ್ಲೇ ಇರೋರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಅದು ಆಗಲ್ವಾ? ಕೊಡೆ ಹಿಡಿಯಿರಿ, ತಲೆ ಮೇಲೆ ಸೆರಗು ಹೊದೆಯಿರಿ. ಹೊಲದಲ್ಲಿ ಕೆಲಸ ಮಾಡೋ ತಾಯಂದಿರು ತಲೆಗೆ ಟವೆಲ್ ಸುತ್ತಿ, ಮೇಲೆ ಗಂಡನ ಫುಲ್ ಶರ್ಟ್ ಹಾಕ್ಕೊಂಡು ಹೋಗ್ತಾರಲ್ಲ, ಅದು ಅತ್ಯುತ್ತಮ ಸನ್‌ಸ್ಕ್ರೀನ್. ಯಾರೂ ಅದರ ರೀಲ್ಸ್ ಮಾಡಲ್ಲ, ಅಷ್ಟೇ.

ಹೊಸದಾಗಿ ಏನನ್ನಾದರೂ ಕೊಂಡ್ರೆ ನೇರ ಮುಖಕ್ಕೆ ಬಳಿಯಬೇಡಿ. ಮುಂಗೈ ಒಳಭಾಗದಲ್ಲಿ ಸ್ವಲ್ಪ ಜಾಗಕ್ಕೆ ಹಚ್ಚಿ, ಕೆಲವು ದಿನ ನೋಡಿ. ಕೆರೆತ, ಉರಿ ಬಂದ್ರೆ ನಿಲ್ಲಿಸಿ. ಇಷ್ಟು ಹೇಳೋಕೆ ನನ್ನ ಆ ವಿಡಿಯೋದಲ್ಲಿ ಎಂಟು ಸೆಕೆಂಡ್ ಸಾಕಾಗಿತ್ತು.

ಈಗ ನಿಜವಾಗಿ ಭಯ ಪಡಬೇಕಾದ ಜಾಗಕ್ಕೆ ಬರೋಣ. ಮೆಡಿಕಲ್ ಶಾಪ್‌ಗೆ ಹೋಗಿ "ಮುಖಕ್ಕೆ ಒಂದು ಒಳ್ಳೆ ಕ್ರೀಮ್ ಕೊಡಿ" ಅಂತೀವಿ. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್. ಈ ಮೂರು ಹೆಸರು ಬರೆದಿಟ್ಕೊಳ್ಳಿ. ಇವು ಸ್ಟೀರಾಯ್ಡ್. ಡಾಕ್ಟರ್ ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಿದ್ರೆ ಒಳ್ಳೆ ಔಷಧಿ. ಫೇರ್‌ನೆಸ್ ಕ್ರೀಮ್ ಅಂತ ತಿಂಗಳುಗಟ್ಟಲೆ ಹಚ್ಚಿದ್ರೆ? ಮೊದಲ ವಾರಗಳಲ್ಲಿ ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತೆ. "ನೋಡಿ, ವರ್ಕ್ ಆಗ್ತಿದೆ!" ಆಮೇಲೆ ಚರ್ಮ ತೆಳುವಾಗಿ ರಕ್ತನಾಳ ಕಾಣಿಸುತ್ತೆ. ಮೊಡವೆ ಏಳುತ್ತೆ, ಹೆಣ್ಣುಮಕ್ಕಳಿಗೆ ಮುಖದ ಮೇಲೆ ಕೂದಲು ಬರುತ್ತೆ. ಹೆದರಿ ನಿಲ್ಲಿಸಿದ ತಕ್ಷಣ ಮುಖ ಉರಿದು ಕೆಂಪಾಗುತ್ತೆ. ಮತ್ತೆ ಹಚ್ಚಿದ್ರೆ ತಣ್ಣಗಾಗುತ್ತೆ. ಅದೊಂದು ಚಟದ ಥರ. ಈ ಸ್ಥಿತಿ ನಮ್ಮಲ್ಲಿ ಎಷ್ಟು ಸಾಮಾನ್ಯ ಅಂದ್ರೆ, "ಸ್ಟೀರಾಯ್ಡ್‌ನಿಂದ ಹಾಳಾದ ಮುಖ" ಅಂತಲೇ ನಮ್ಮ ದೇಶದ ಚರ್ಮವೈದ್ಯರು ಇದಕ್ಕೆ ಹೆಸರಿಟ್ಟಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ತಂದಿತು. ನಿಮ್ಮ ಬೀದಿಯ ಅಂಗಡಿಯಲ್ಲಿ ಚೀಟಿ ಕೇಳ್ತಾರಾ? ನೀವೇ ಹೇಳಿ.

ಇನ್ನೊಂದು ಪಾದರಸ. ಪಾದರಸದ ಲವಣಗಳು ಚರ್ಮದ ಬಣ್ಣ ಕೊಡುವ ಮೆಲನಿನ್ ತಯಾರಾಗೋದನ್ನು ತಡೀತವೆ. ಬೆಳ್ಳಗೆ ಮಾಡೋದು ನಿಜ. ಆದರೆ ಅದು ಚರ್ಮದೊಳಗಿಂದ ರಕ್ತಕ್ಕೆ, ರಕ್ತದಿಂದ ಕಿಡ್ನಿಗೆ ಹೋಗುತ್ತೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ಏನಾಯ್ತು ಗೊತ್ತಾ? 2021ರಿಂದ 2023ರ ನಡುವೆ ಕಿಡ್ನಿಯ ಶೋಧಕ ಪೊರೆ ಕೆಟ್ಟು, ಮೂತ್ರದಲ್ಲಿ ಪ್ರೋಟೀನ್ ಸೋರುವ ಕಾಯಿಲೆಯ 22 ರೋಗಿಗಳನ್ನು ವೈದ್ಯರು ಪರಿಶೀಲಿಸಿದರು. ಅದರಲ್ಲಿ 15 ಜನರಿಗೆ ಇದ್ದದ್ದು ಅಪರೂಪದ ಒಂದು ಬಗೆ. ಆ 15ರಲ್ಲಿ 13 ಜನ ಫೇರ್‌ನೆಸ್ ಕ್ರೀಮ್ ಬಳಸುತ್ತಿದ್ದವರು. ಮುಖಕ್ಕೆ ಹಚ್ಚಿದ್ದು, ಕಾಲು ಊದಿಕೊಂಡು ಆಸ್ಪತ್ರೆ ಸೇರಿದ್ದು. ಕ್ರೀಮ್ ಕೊಳ್ಳೋವಾಗ ಮೊದಲು ಡಬ್ಬಿ ತಿರುಗಿಸಿ. ತಯಾರಕರ ವಿಳಾಸ ಇಲ್ವಾ? ಲೈಸೆನ್ಸ್ ನಂಬರ್ ಇಲ್ವಾ? ಯಾವ ಪದಾರ್ಥ ಹಾಕಿದ್ದಾರೆ ಅಂತ ಪಟ್ಟಿ ಇಲ್ವಾ? ಪುಕ್ಕಟೆ ಕೊಟ್ರೂ ಬೇಡ.

ಸರಿ, ಮುಖ ಆಯ್ತು. ಬಟ್ಟೆ ಬಗ್ಗೆಯೂ ಕೇಳ್ತೀರಿ. "ದಿನಾ ಹೊಸ ಸೀರೆ ಎಲ್ಲಿಂದ ಮೇಡಂ?" ಅಂತ. ಎಷ್ಟೋ ಸಲ ಅದು ನನ್ನದಲ್ಲ. ಬೊಟಿಕ್‌ನಿಂದ ಬರುತ್ತೆ, ಮರುದಿನ ವಾಪಸ್ ಹೋಗುತ್ತೆ. ಕಾರ್ಯಕ್ರಮದ ಕೊನೆಗೆ ಸಣ್ಣ ಅಕ್ಷರದಲ್ಲಿ ಅಂಗಡಿ ಹೆಸರು ಓಡುತ್ತಲ್ಲ, ಅದೂ ಜಾಹೀರಾತೇ. ಟಿವಿಯಲ್ಲಿ ಉಡೋಕೆ ಬೇರೆಯದೇ ನಿಯಮ ಇದೆ. ಹಸಿರು ಸೀರೆ ಉಡೋ ಹಾಗಿಲ್ಲ. ನನ್ನ ಹಿಂದಿರೋದು ಹಸಿರು ಪರದೆ, ಅದರ ಮೇಲೆ ಕಂಪ್ಯೂಟರ್ ಚಿತ್ರ ಕೂರಿಸುತ್ತೆ. ಹಸಿರು ಉಟ್ಟರೆ ನನ್ನ ಸೆರಗಿನ ಮೇಲೆಲ್ಲ ವಿಧಾನಸೌಧ ಬರುತ್ತೆ. ಸಣ್ಣ ಚೌಕಳಿಯೂ ಆಗಲ್ಲ. ಕ್ಯಾಮೆರಾ ಸೆನ್ಸರ್‌ನ ಚುಕ್ಕಿಗಳ ಸಾಲಿಗೂ ಬಟ್ಟೆಯ ಗೆರೆಗೂ ತಾಳ ತಪ್ಪಿ, ಮೈಮೇಲೆ ಹುಳ ಹರಿದಾಡಿದ ಹಾಗೆ ಕಾಣುತ್ತೆ. ಅಂದ್ರೆ ನಾನು ಉಡೋದು ಕ್ಯಾಮೆರಾಗೆ ಹೊಂದೋದನ್ನ. ನೀವು ಉಡಬೇಕಾದ್ದು ನಿಮ್ಮ ಬಿಸಿಲು, ನಿಮ್ಮ ಬಸ್ಸು, ನಿಮ್ಮ ಕೆಲಸಕ್ಕೆ ಹೊಂದೋದನ್ನ.

ನನ್ನದೇ ಆದ ಒಂದು ಇಳಕಲ್ ಸೀರೆ ಇದೆ. ಮೊದಲ ಸಂಬಳದಲ್ಲಿ ಕೊಂಡದ್ದು. ಮೈ ಹತ್ತಿಯದ್ದು, ಸೆರಗು ರೇಷ್ಮೆಯದ್ದು. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸೋ ಆ ಊರಿನವರ ಕೈಚಳಕ ಬೇರೆ ಕಡೆ ಸಿಗಲ್ಲ. ಅದರ ಮೇಲೆ ಗುಳೇದಗುಡ್ಡದ ಖಣದ ರವಿಕೆ. ಹತ್ತು ವರ್ಷದಿಂದ ಉಡ್ತಾ ಇದ್ದೀನಿ. ಈಗಲೂ ಉಟ್ಟ ದಿನ "ಹೊಸದಾ?" ಅಂತ ಕೇಳ್ತಾರೆ. ಸ್ಟೈಲ್ ಬಗ್ಗೆ ನನಗೆ ಗೊತ್ತಿರೋದು ಇಷ್ಟೇ: ಅಳತೆ ಸರಿ ಇರಲಿ, ನೂಲು ಒಳ್ಳೇದಿರಲಿ, ಒಮ್ಮೆ ಉಟ್ಟಿದ್ದನ್ನೇ ಮತ್ತೆ ಉಡೋಕೆ ನಾಚಿಕೆ ಬೇಡ. "ರಿಪೀಟ್ ಮಾಡಬಾರದು" ಅನ್ನೋ ನಿಯಮ ಮಾಡಿದವರು ಬಟ್ಟೆ ಮಾರೋರು.

ಮೂರನೇ ಮೆಸೇಜ್ ಬಂದದ್ದು ಹೋದ ತಿಂಗಳು. "ಮೇಡಂ, ನಾನೂ ವಿಡಿಯೋ ಮಾಡ್ಬೇಕು ಅಂತ ಮಾಡೇನ್ರೀ. ಹೆಂಗ್ ಶುರು ಮಾಡ್ಲಿ?"

ಓದಿ ಸುಮ್ಮನೆ ಕೂತೆ. ಕೆನ್ನೆ ಸುಟ್ಟುಕೊಂಡವಳು, ಈಗ ಅದೇ ಲೋಕಕ್ಕೆ ಬರ್ತೀನಿ ಅಂತಾಳೆ. ಬೇಡ ಅನ್ನಲಾ? ನನಗೇನು ಹಕ್ಕಿದೆ? ಇಂಜಿನಿಯರಿಂಗ್ ಓದಿಸಿದ ಅಪ್ಪ, "ಟಿವಿಗೆ ಹೋಗ್ತೀನಿ" ಅಂದಾಗ ನನಗೂ ಬೇಡ ಅಂದಿದ್ರು. ಹಾಗಾಗಿ ಬೇಡ ಅನ್ನಲ್ಲ. ಕೆಲವು ಮಾತು ಹೇಳ್ತೀನಿ.

ಮೊದಲನೆಯದು ಸಲಕರಣೆ. ದೊಡ್ಡ ಕ್ಯಾಮೆರಾ ಬೇಡ. ಬೆಳಿಗ್ಗೆ ಹೊತ್ತು ಕಿಟಕಿಗೆ ಮುಖ ಮಾಡಿ ಕೂತರೆ ಅದಕ್ಕಿಂತ ಒಳ್ಳೆ ಲೈಟ್ ಇಲ್ಲ. ದುಡ್ಡು ಹಾಕೋದಾದ್ರೆ ಕಾಲರ್‌ಗೆ ಸಿಕ್ಕಿಸೋ ಸಣ್ಣ ಮೈಕ್‌ಗೆ ಹಾಕು. ಚಿತ್ರ ಮಸುಕಾದ್ರೂ ಜನ ನೋಡ್ತಾರೆ, ಮಾತು ಕೇಳಿಸದಿದ್ರೆ ಎದ್ದು ಹೋಗ್ತಾರೆ. ಇದು ಟಿವಿಯವರು ಕಲಿತ ಪಾಠ.

ಎರಡನೆಯದು ಭಾಷೆ. ನನ್ನ ಥರ ಮಾತಾಡಬೇಡ. "ಹಲೋ ಗಾಯ್ಸ್" ಬೇಡ. ಹಾವೇರಿ ಮಾತಿನಲ್ಲೇ ಮಾತಾಡು. ನಿನ್ನ ಊರಿನ ನೀರು ಗಡುಸು, ಬಿಸಿಲು ಬೇರೆ, ಕೈಯಲ್ಲಿರೋ ದುಡ್ಡು ಬೇರೆ. ಇದೆಲ್ಲ ಬೆಂಗಳೂರಿನ ಹತ್ತನೇ ಮಹಡಿಯಲ್ಲಿ ಕೂತು ಚರ್ಮದ ಬಗ್ಗೆ ಹೇಳೋರಿಗೆ ಗೊತ್ತಿಲ್ಲ. ನಿನಗೆ ಗೊತ್ತು.

ಮೂರನೆಯದು, ಇದೇ ಮುಖ್ಯ. ದುಡ್ಡು ತಗೊಂಡಿದ್ರೆ ತಗೊಂಡಿದೀನಿ ಅನ್ನು. ಅದು ಕೇವಲ ಮನಸ್ಸಾಕ್ಷಿಯ ಮಾತಲ್ಲ. ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಇನ್‌ಫ್ಲೂಯೆನ್ಸರ್‌ಗಳಿಗೆ ನಿಯಮ ಮಾಡಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿದೆ. ದುಡ್ಡೇ ಆಗಬೇಕಿಲ್ಲ. ಪುಕ್ಕಟೆ ವಸ್ತು, ಪ್ರವಾಸ, ಹೋಟೆಲ್ ವಾಸ ಏನೇ ಸಿಕ್ಕಿದ್ರೂ ಅದನ್ನು ಎದ್ದು ಕಾಣೋ ಹಾಗೆ, ಸರಳ ಭಾಷೆಯಲ್ಲಿ ಹೇಳಬೇಕು. ಹ್ಯಾಷ್‌ಟ್ಯಾಗ್ ರಾಶಿಯೊಳಗೆ ಹೂತಿಡೋ ಹಾಗಿಲ್ಲ. ತಾನು ಬಳಸಿ ನೋಡದ ವಸ್ತುವನ್ನು ಬಳಸಿದೆ ಅನ್ನೋ ಹಾಗಿಲ್ಲ. ನಾನು ಮಾಡಿದ್ದು ಎರಡನ್ನೂ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದಾರಿ ತಪ್ಪಿಸೋ ಜಾಹೀರಾತಿಗೆ ಮುಖ ಕೊಟ್ಟವರಿಗೂ ₹10 ಲಕ್ಷದವರೆಗೆ ದಂಡ ಇದೆ. ಮತ್ತೆ ಮತ್ತೆ ಮಾಡಿದ್ರೆ ₹50 ಲಕ್ಷ. ಒಂದು ವರ್ಷ, ಆಮೇಲೆ ಮೂರು ವರ್ಷದವರೆಗೆ ಯಾವ ಜಾಹೀರಾತನ್ನೂ ಮಾಡದ ಹಾಗೆ ನಿಷೇಧ ಹಾಕಬಹುದು. ತೆರಿಗೆಯೂ ಇದೆ. 2022ರ ಜುಲೈ 1ರಿಂದ, ಒಂದು ಕಡೆಯಿಂದ ವರ್ಷಕ್ಕೆ ₹20 ಸಾವಿರ ಮೀರಿ ಬಂದ ಉಚಿತ ಸೌಲಭ್ಯದ ಮೇಲೆ ಶೇ. 10 ತೆರಿಗೆ ಕಡಿತ ಅಂತ ನಿಯಮ ಬಂತು. ಫೋನ್ ಕೊಟ್ಟರು, ವಿಡಿಯೋ ಮಾಡಿ ವಾಪಸ್ ಕೊಟ್ಟೆ ಅಂದ್ರೆ ಅದು ಲೆಕ್ಕಕ್ಕಿಲ್ಲ. ಇಟ್ಕೊಂಡ್ರೆ ಆದಾಯ.

ನಾಲ್ಕನೆಯದು, ಡಾಕ್ಟರ್ ಆಗಬೇಡ. 2023ರಲ್ಲಿ ಅದೇ ಮಂಡಳಿ ಇನ್ನೊಂದು ಮಾತು ಸೇರಿಸಿದೆ. ಆರೋಗ್ಯದ ಬಗ್ಗೆ, ಹಣ ಹೂಡಿಕೆ ಬಗ್ಗೆ ಜಾಹೀರಾತಿನಲ್ಲಿ ಸಲಹೆ ಕೊಡೋರಿಗೆ ಅದಕ್ಕೆ ತಕ್ಕ ಅರ್ಹತೆ ಇರಬೇಕು, ಅದನ್ನು ಹೇಳಬೇಕು. "ನನಗೆ ಹೀಗಾಯ್ತು" ಅನ್ನೋದು ಅನುಭವ. "ನೀವೂ ಇದನ್ನೇ ಹಚ್ಚಿ" ಅನ್ನೋದು ಚಿಕಿತ್ಸೆ. ಆ ಗೆರೆ ದಾಟಬೇಡ. ಕೊನೆಯದು, ಡಿಗ್ರಿ ಮುಗಿಸು. ಫಾಲೋವರ್ಸ್ ಸಂಖ್ಯೆ ಬೇರೆ ಯಾರದೋ ಕಂಪನಿಯ ಕಂಪ್ಯೂಟರ್‌ನಲ್ಲಿ ಇರೋದು. ಮಾರ್ಕ್ಸ್ ಕಾರ್ಡ್ ನಿನ್ನ ಟ್ರಂಕಿನಲ್ಲಿ ಇರುತ್ತೆ.

ಇಷ್ಟೆಲ್ಲ ಆ ಹುಡುಗಿಗೆ ಹೇಳಿ ನಾವು ಟಿವಿಯವರು ಸಾಚಾ ಅಂತ ಕೂರೋಕಾಗಲ್ಲ. 2025ರ ಮೇ ತಿಂಗಳು ನೆನಪಿದೆಯಾ? ಮೈಸೂರು ಸ್ಯಾಂಡಲ್ ಸೋಪಿಗೆ ನಟಿ ತಮನ್ನಾ ಭಾಟಿಯಾ ರಾಯಭಾರಿ, ₹6.20 ಕೋಟಿ ಸಂಭಾವನೆ. ನಾನೂ ಚರ್ಚೆ ಮಾಡಿದೆ. ಕನ್ನಡದವರು ಯಾಕಿಲ್ಲ ಅಂತ ಗಂಟೆಗಟ್ಟಲೆ ಕಿರುಚಾಡಿದ್ವಿ. ಅದು ಕೇಳಬೇಕಾದ ಪ್ರಶ್ನೆಯೇ. ಆದರೆ 1916ರಲ್ಲಿ ಮೈಸೂರು ಸಂಸ್ಥಾನ ಹುಟ್ಟುಹಾಕಿದ ಕಾರ್ಖಾನೆ, ನಮ್ಮೆಲ್ಲರ ಬಚ್ಚಲುಮನೆಯ ಪರಿಮಳ, ಅದರೊಳಗೆ ಏನಿದೆ, ಯಾರ ಚರ್ಮಕ್ಕೆ ಹೊಂದುತ್ತೆ, ಗಂಧದ ಮರ ಈಗ ಎಲ್ಲಿಂದ ಬರುತ್ತೆ ಅಂತ ನನ್ನ ಕಾರ್ಯಕ್ರಮದಲ್ಲಿ ಒಂದು ಪ್ರಶ್ನೆಯೂ ಬರಲಿಲ್ಲ. ನಾವು ಮುಖ ಯಾರದ್ದು ಅಂತ ಮಾತ್ರ ನೋಡಿದ್ವಿ. ವಸ್ತು ಏನು ಅಂತ ನೋಡಲಿಲ್ಲ. ನನ್ನ ಸೀರಮ್ ಕೊಂಡವರೂ ಅದನ್ನೇ ಮಾಡಿದ್ದು. ಕಲಿಸಿದ್ದು ನಾವೇ.

ಇವತ್ತಿನಿಂದ ನನ್ನ ಪೇಜ್‌ನಲ್ಲಿ ಒಂದು ಬದಲಾವಣೆ. ಮುಖಕ್ಕೆ, ಮೈಗೆ, ಹೊಟ್ಟೆಗೆ ಹೋಗುವ ಯಾವ ವಸ್ತುವಿಗೂ ನಾನು ದುಡ್ಡು ತಗೊಂಡು ಮಾತಾಡಲ್ಲ. ಈ ಕಾರ್ಯಕ್ರಮದ ಮಧ್ಯೆ ಬ್ರೇಕ್‌ನಲ್ಲಿ ಕ್ರೀಮ್ ಜಾಹೀರಾತು ಬರುತ್ತೆ, ಅದು ನನ್ನ ಕೈಯಲ್ಲಿಲ್ಲ. ಅದನ್ನೂ ಮುಚ್ಚಿಡಲ್ಲ. ಆದರೆ ಅದು ಜಾಹೀರಾತು ಅಂತ ನಿಮಗೆ ಗೊತ್ತಾಗುತ್ತೆ. ಅಷ್ಟಾದರೂ ಗೊತ್ತಾಗಬೇಕು.

ಹಾವೇರಿಯ ಹುಡುಗಿ ಈಗ ನೋಡ್ತಾ ಇದ್ದರೆ, ಅವಳ ಎರಡನೇ ಪ್ರಶ್ನೆಗೆ ಉತ್ತರ ಬಾಕಿ ಇದೆ. ಅವಳ ಕೆನ್ನೆಯ ಗಾಯ ಮಾಗಿದೆ, ಕಲೆ ಪೂರ್ತಿ ಹೋಗಿಲ್ಲ ಅಂತ ಬರೆದಿದ್ಲು.

ಹಚ್ಚುವುದರಲ್ಲಿ ನೀನು ಏನೂ ತಪ್ಪು ಮಾಡಿರಲಿಲ್ಲಮ್ಮ. ಹೇಳಬೇಕಾದವಳು ನಾನು. ನಾನು ಹೇಳಿರಲಿಲ್ಲ. ಕ್ಷಮೆ ಇರಲಿ.